ಸುಮ್ಮನೆ ಕೂತವಳ ಕೆಲಸ

ಆ ಮನೆಯಲ್ಲಿ ಒಂದು ಕಾನೂನಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕೈ ಆಡುತ್ತಿದ್ದರೆ ಕೆಲಸ, ಕೈ ನಿಂತರೆ ಬಿಡುವು. ಬಿಡುವಾಗಿ ಕೂತವರು ಕಣ್ಣಿಗೆ ಬಿದ್ದರೆ ಸಾಕು, ಅತ್ತೆ ಅವರ ಕೈಗೆ ಏನಾದರೂ ಕೊಟ್ಟೇ ತೀರುತ್ತಿದ್ದರು. ಬಟಾಣಿ ಸುಲಿಯುವುದೋ, ಬಟ್ಟೆ ಮಡಿಸುವುದೋ, ಅಂಗಿಗೆ ಗುಂಡಿ ಹೊಲಿಯುವುದೋ. ಸೊಸೆಯ ವಿಷಯದಲ್ಲಂತೂ ಅವರು ಹುಡುಕಾಡಬೇಕಾಗಿಯೇ ಇರಲಿಲ್ಲ. ಅವಳ ಕೈಗೆ ಕೊಡಲು ಮಗುವಿತ್ತು.

ಹಾಗಂತ ಅತ್ತೆ ಕೆಟ್ಟವರೆಂದು ತಿಳಿಯಬೇಡಿ. ಮನೆಯ ಮುಂದಿನ ಕೋಣೆಯೇ ಮಾವನ ಹೊಲಿಗೆ ಅಂಗಡಿ. ಮಾವ ಬಟ್ಟೆ ಕತ್ತರಿಸಿ ಮಿಷನ್ ತುಳಿದರೆ, ಗುಂಡಿ, ಹುಕ್ಕು, ಅಂಚಿನ ಕೈಹೊಲಿಗೆ, ಇಸ್ತ್ರಿ ಎಲ್ಲ ಅತ್ತೆಯ ಪಾಲು. ಅದರ ನಡುವೆ ಮೂರು ಹೊತ್ತಿನ ಅಡುಗೆ, ಪಾತ್ರೆ, ಮನೆಮಂದಿಯ ಬಟ್ಟೆ. ಮದುವೆಯಾಗಿ ಬಂದಾಗಿನಿಂದ ಅವರ ಕೈ ನಿಂತಿದ್ದನ್ನು ಯಾರೂ ಕಂಡಿರಲಿಲ್ಲ. ಟಿ.ವಿ. ಮುಂದೆ ಕೂತರೂ ಮಡಿಲಲ್ಲಿ ಯಾರದೋ ಅಂಗಿ, ಹಲ್ಲಿನ ನಡುವೆ ಒಂದೆಳೆ ದಾರ. ಹಾಗೆ ಬದುಕಿದವರಿಗೆ ಬೇರೆಯವರ ಖಾಲಿ ಕೈ ಕಂಡರೆ ಹೇಗೋ ಆಗುವುದು ಸಹಜವೇ.

ಸೊಸೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಇಷ್ಟು ವರ್ಷ ಬೇರೆಯವರ ಕಥೆಗಳಿಗೆ ಬೆಕ್ಕು, ಮೊಲ, ರಾಜನ ಕಿರೀಟ ಬರೆದುಕೊಟ್ಟವಳು ಈಗ ಮೊದಲ ಸಲ ತನ್ನದೇ ಕಥೆಯ ಪುಸ್ತಕ ಮಾಡುತ್ತಿದ್ದಳು. ಅದರಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರ. ಬಸುರಿಯಾಗಿದ್ದಾಗ ಶುರುಮಾಡಿದ್ದು, ಹೊಟ್ಟೆ ಮೇಜಿಗೆ ತಾಗಿ ಕೂರಲಾಗದ ದಿನ ನಿಂತುಹೋಗಿತ್ತು. ಮಗುವಿಗೆ ಐದು ತಿಂಗಳು ತುಂಬಿದಾಗ ಅತ್ತೆಯೇ ಮಾತು ತೆಗೆದರು.

"ಮಧ್ಯಾಹ್ನ ಊಟ ಆದ್ಮೇಲೆ ಇವಳು ನನ್ನ ಹತ್ರ ಇರ್ಲಿ. ನೀನು ನಿನ್ನ ಕೆಲ್ಸ ನೋಡ್ಕೋ."

ಎಷ್ಟು ಮನೆಗಳಲ್ಲಿ ಹೀಗೆ ಹೇಳುತ್ತಾರೆ ನೀವೇ ಹೇಳಿ. ಸೊಸೆಗೆ ಕಣ್ಣು ತುಂಬಿ ಬಂದಿತ್ತು. ಮಧ್ಯದ ಕೋಣೆಯ ಕಿಟಕಿಯ ಪಕ್ಕ ತನ್ನ ಮೇಜನ್ನು ಒರೆಸಿ, ಪೆನ್ಸಿಲುಗಳನ್ನು ಚೂಪು ಮಾಡಿ ಕೂತಳು. ಆ ಮೇಜು ಅಡುಗೆಮನೆಯ ಬಾಗಿಲಿಗೆ ನೇರವಾಗಿ ಕಾಣುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿ.

ಪುಸ್ತಕ ಬಹುಪಾಲು ಮುಗಿದಿತ್ತು. ಬಾಕಿ ಇದ್ದದ್ದು ಕೊನೆಯ ಚಿತ್ರ ಒಂದೇ, ಆದರೆ ಅದು ಏನೆಂದು ಅವಳಿಗೇ ಗೊತ್ತಿರಲಿಲ್ಲ. ಅದಕ್ಕೇ ಖಾಲಿ ಕಾಗದ ಮುಂದಿಟ್ಟುಕೊಂಡು, ಗಲ್ಲಕ್ಕೆ ಕೈಕೊಟ್ಟು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

"ಮುಗೀತಾ?" ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಏನು ಅತ್ತೆ?"

"ಕೆಲ್ಸ. ಸುಮ್ನೆ ಕೂತಿದ್ಯಲ್ಲ. ತಗೋ, ಇವಳನ್ನ ಹಿಡ್ಕೋ ಸ್ವಲ್ಪ, ಒಲೆ ಮೇಲೆ ಹಾಲಿಟ್ಟಿದ್ದೀನಿ."

"ಯೋಚ್ನೆ ಮಾಡ್ತಿದ್ದೆ ಅತ್ತೆ."

"ಯೋಚ್ನೆ ತಾನೇ? ಮಗು ಎತ್ಕೊಂಡೂ ಮಾಡ್ಬಹುದು. ನಾನು ನಿನ್ನ ಗಂಡನ್ನ ಸೊಂಟದ ಮೇಲಿಟ್ಕೊಂಡೇ ಎಲ್ಲಾ ಯೋಚ್ನೆ ಮಾಡಿದ್ದು."

ಸೊಸೆ ಪೆನ್ಸಿಲು ಕೆಳಗಿಟ್ಟಳು. ಮಗುವನ್ನು ಎತ್ತಿಕೊಂಡಳು. ಮಾವ ಅದಕ್ಕೆ 'ಉಂಡೆ' ಎಂದು ಹೆಸರಿಟ್ಟಿದ್ದರು, ದಾರದ ಉಂಡೆಯ ಹಾಗೆ ಇಟ್ಟಲ್ಲಿ ಇರದೆ ಉರುಳುತ್ತದೆ ಎಂದು. ಉಂಡೆ ಅಮ್ಮನ ಕೈಗೆ ಬಂದದ್ದೇ ಪೆನ್ಸಿಲು ಹಿಡಿದು ಬಾಯಿಗೆ ಹಾಕಿಕೊಂಡಿತು. ಅವತ್ತಿನ ಯೋಚನೆ ಅಲ್ಲಿಗೆ ಮುಗಿಯಿತು.

ಪುಸ್ತಕ ಹಾಕುವ ಪ್ರಕಾಶನದಲ್ಲಿ ಒಬ್ಬರು ಅಕ್ಕ ಇದ್ದರು. ಸೊಸೆಯನ್ನು ಹಚ್ಚಿಕೊಂಡವರು, ಅವಳ ಹೆರಿಗೆಗಾಗಿ ಪುಸ್ತಕವನ್ನು ಒಮ್ಮೆ ಮುಂದೆ ಹಾಕಿಸಿದ್ದವರು. ಮರುದಿನ ಅವರ ಫೋನು ಬಂತು.

"ತಿಂಗಳ ಕೊನೆಗೆ ಪ್ರೆಸ್ಸಿಗೆ ಹೋಗ್ಬೇಕು ಕಣಮ್ಮ. ಈ ಸಲ ತಪ್ಪಿದ್ರೆ ನಿನ್ನ ಜಾಗಕ್ಕೆ ಬೇರೆ ಪುಸ್ತಕ ಹಾಕ್ತಾರೆ. ಆಮೇಲೆ ನಾನು ರಿಟೈರ್ ಆಗ್ತೀನಿ. ಮಾತಿಲ್ಲದ ಪುಸ್ತಕ ಅಂದ್ರೆ ಇಲ್ಲಿ ಮೂಗು ಮುರಿಯೋರೇ ಎಲ್ಲಾ. ನನ್ನ ಬಿಟ್ರೆ ನಿನ್ನ ಪರವಾಗಿ ನಿಲ್ಲೋರು ಯಾರೂ ಇಲ್ಲ."

"ಒಂದೇ ಚಿತ್ರ ಬಾಕಿ ಅಕ್ಕ."

"ಒಂದೇ ಅಲ್ವಾ? ಮತ್ತೇನು, ಮುಗಿಸ್ಬಿಡು."

ಎಲ್ಲರೂ ಹೀಗೇ ಹೇಳುವವರು. ರಾತ್ರಿ ಊಟಕ್ಕೆ ಕೂತಾಗ ಗಂಡ ವಿಚಾರಿಸಿದ. ಅವನು ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರನ್ ಕೇಳಿ ಕೇಳಿ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸ ಅವನದು.

"ಏನು ಕಥೆ ಅದು? ನಂಗೂ ಸರಿಯಾಗಿ ಹೇಳಿಲ್ಲ ನೀನು."

"ಒಬ್ಳು ಅಜ್ಜಿ. ಸೋರೋ ಹೆಂಚು ಸರಿ ಮಾಡೋಕೆ ಏಣಿ ಹಾಕ್ಕೊಂಡು ಮನೆ ಮೇಲೆ ಹತ್ತುತ್ತಾಳೆ. ಅವಳು ಮೇಲಿರೋದು ಪಕ್ಕದ ಮನೆಯವನಿಗೆ ಕಾಣಲ್ಲ. ಬಲ್ಬು ಹಾಕೋಕೆ ಅಂತ ಏಣಿ ಎತ್ಕೊಂಡು ಹೋಗ್ತಾನೆ. ಅವನಿಂದ ಇನ್ನೊಬ್ಳು ಹಣ್ಣು ಕೀಳೋಕೆ ಇಸ್ಕೋತಾಳೆ. ಅವಳಿಂದ ಗೋಡೆಗೆ ಬಣ್ಣ ಹೊಡಿಯೋನು. ಹೀಗೆ ಏಣಿ ರಸ್ತೆ ಪೂರ್ತಿ ಸುತ್ತುತ್ತೆ."

"ಅಜ್ಜಿ?" ಮಾವ ತುತ್ತು ಅಲ್ಲೇ ನಿಲ್ಲಿಸಿದರು.

"ಮೇಲೇ ಇರ್ತಾಳೆ."

"ಕೂಗಲ್ವಾ?"

"ಮಾತಿಲ್ಲದ ಪುಸ್ತಕ ಅಲ್ವಾ ಮಾವ."

ಮಾವ ಬಿದ್ದು ಬಿದ್ದು ನಕ್ಕರು. "ಪಾಪ, ಮುದುಕಿ. ಕೊನೆಗೆ ಹೇಗೆ ಇಳೀತಾಳೆ?"

"ಅದೇ ಹೊಳೀತಿಲ್ಲ. ಏಣಿ ವಾಪಸ್ ತಂದು ಹಾಕಿದ್ರೆ ಇಳೀತಾಳೆ ಅಂತ ಯಾರಿಗೆ ಬೇಕಾದ್ರೂ ಗೊತ್ತು. ಹಾಗೆ ಬರೆದ್ರೆ ಸಪ್ಪೆ."

"ನಮ್ಮ ಬಸ್ ತರ್ಸು," ಎಂದ ಗಂಡ. "ಮನೆ ಪಕ್ಕ ನಿಲ್ಲಿಸ್ತೀನಿ. ಬಸ್ಸಿನ ಮೇಲೆ ಕಾಲಿಟ್ಟು ಇಳೀಲಿ. ಟಿಕೆಟ್ ಬೇಡ."

"ಬಟ್ಟೆಗೆ ಬಟ್ಟೆ ಗಂಟು ಹಾಕಿ ಇಳಿಬಿಟ್ರಾಯ್ತು," ಎಂದರು ಮಾವ. "ಗಂಟು ಗಟ್ಟಿ ಇರ್ಬೇಕು ಅಷ್ಟೆ."

ಅತ್ತೆ ಇದ್ಯಾವುದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಒಬ್ಬರಿಗೆ ಅನ್ನ, ಇನ್ನೊಬ್ಬರಿಗೆ ನೀರು ಎಂದು ಒಳಗೂ ಹೊರಗೂ ಓಡಾಡುತ್ತಿದ್ದವರು, "ಅವಳು ಹೇಗಾದ್ರೂ ಇಳೀಲಿ, ನೀವು ಮೊದ್ಲು ಉಂಡು ಏಳಿ. ಪಾತ್ರೆ ತೊಳೀಬೇಕು," ಎಂದರು.

ಮುಂದಿನ ವಾರ ಸೊಸೆ ಒಂದು ಉಪಾಯ ಕಂಡುಹಿಡಿದಳು. ಕಂಡುಹಿಡಿದಳು ಎನ್ನುವುದಕ್ಕಿಂತ ತಾನಾಗಿಯೇ ಒದಗಿ ಬಂತು ಎನ್ನಬೇಕು. ಎಂದಿನಂತೆ ಕಿಟಕಿ ನೋಡುತ್ತಾ ಕೂತಿದ್ದಾಗ ಅಡುಗೆಮನೆಯಿಂದ ಅತ್ತೆಯ ಹೆಜ್ಜೆ ಕೇಳಿಸಿತು. ಗಾಬರಿಯಲ್ಲಿ ಅವಳು ಪೆನ್ಸಿಲು ಹಿಡಿದು ಕಾಗದದ ಮೇಲೆ ಬರಬರನೆ ಗೆರೆ ಎಳೆಯತೊಡಗಿದಳು. ಹೆಜ್ಜೆ ನಿಂತಿತು. ತಿರುಗಿ ನೋಡಿದರೆ ಅತ್ತೆ ಮಗುವಿನ ಬಾಯಿಗೆ ಬೆರಳಿಟ್ಟು, ತುದಿಗಾಲಲ್ಲಿ ಹಿಂದಕ್ಕೆ ಹೋಗುತ್ತಿದ್ದರು.

ಅಂದಿನಿಂದ ಅದೇ ರೂಢಿಯಾಯಿತು. ಹಳೇ ಕಾಗದಗಳ ಹಿಂಬದಿಯಲ್ಲಿ ಗೆರೆ, ಸುರುಳಿ, ಚುಕ್ಕಿ, ಮತ್ತೆ ಗೆರೆ. ಹೆಜ್ಜೆ ಕೇಳಿದರೆ ಕೈ ಜೋರು, ಹೆಜ್ಜೆ ದೂರವಾದರೆ ಕೈ ನಿಧಾನ. ಗೀಚಿದ್ದು ತುಂಬಿದ ಹಾಗೆ ಕಾಗದವನ್ನು ಡ್ರಾಯರಿನೊಳಗೆ ತುರುಕುತ್ತಿದ್ದಳು. ಕೈ ಓಡುತ್ತಿತ್ತು ನಿಜ, ಆದರೆ ಕಿವಿ ಮಾತ್ರ ಅಡುಗೆಮನೆಯಲ್ಲೇ. ಇನ್ನು ಅಜ್ಜಿಯ ಬಗ್ಗೆ ಯೋಚಿಸುವುದು ಯಾವ ತಲೆಯಿಂದ? ಮುದುಕಿ ಹೆಂಚಿನ ಮೇಲೆ ಕೂತೇ ಇದ್ದಳು.

ಅತ್ತೆಗೋ ಹಿಗ್ಗೋ ಹಿಗ್ಗು. "ಇವತ್ತು ತಲೆ ಎತ್ತಿಲ್ಲ ನೋಡಿ ನಿಮ್ಮ ಸೊಸೆ," ಎಂದು ಮಾವನಿಗೆ ವರದಿ ಹೋಗುತ್ತಿತ್ತು. ಊಟದಲ್ಲಿ ಅವಳಿಗೊಂದು ಮೊಟ್ಟೆ ಹೆಚ್ಚು. "ತಿನ್ನು. ಹಾಲೂಡಿಸೋ ಮೈ, ಕೆಲ್ಸ ಮಾಡೋ ಕೈ, ಎರಡಕ್ಕೂ ಬಲ ಬೇಕು." ಆ ಮೊಟ್ಟೆ ಸೊಸೆಯ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿರಲಿಲ್ಲ.

ಗಂಡನೂ ತನ್ನ ಪಾಲಿನ ಉಪಕಾರ ಮಾಡಿದ. ಬೆಳಗಿನ ಪಾಳಿ ಹಾಕಿಸಿಕೊಂಡು ಮಧ್ಯಾಹ್ನವೇ ಬಂದು, "ಅಮ್ಮನಿಗೂ ಬೆನ್ನು ನೋವು, ಉಂಡೆ ನನ್ನ ಹತ್ರ ಇರ್ಲಿ," ಎಂದು ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದ. ಮಗು ನಿದ್ದೆಹೋಗುವ ಮೊದಲೇ ಅವನಿಗೆ ನಿದ್ದೆ. ಅವನ ಗೊರಕೆಗೆ ಮಗು ಬೆಚ್ಚಿ ಅಳುತ್ತಿತ್ತು. ಅತ್ತೆ ಓಡಿಬಂದು ಮಗುವನ್ನೆತ್ತಿಕೊಂಡು, "ನೀನು ಬಸ್ ಓಡ್ಸು, ಮಗು ತಂಟೆಗೆ ಬರ್ಬೇಡ," ಎನ್ನುವುದು. ಇಬ್ಬರೂ ಅವಳಿಗಾಗಿ ಒದ್ದಾಡುತ್ತಿದ್ದರು. ಅವಳಿಗೆ ಬೇಕಾದದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ, ಅವಳೂ ಹೇಳಿರಲಿಲ್ಲ. ಹೇಗೆ ಹೇಳುವುದು? ಬೆನ್ನು ನೋವಿಟ್ಟುಕೊಂಡು ಮಗು ಎತ್ತಿಕೊಂಡು ತಿರುಗುವವರ ಮುಂದೆ, ನನಗೆ ಸುಮ್ಮನೆ ಕೂರಬೇಕು ಎನ್ನಲು ನಾಲಿಗೆ ಏಳಬೇಡವೇ?

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ಸಂಜೆ ಪಕ್ಕದ ಮನೆಯ ಟೀಚರಮ್ಮ ಪರದೆ ಬಟ್ಟೆ ಹೊಲಿಸಲು ಬಂದರು. ಸೊಸೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಹೊರಗೆ ಅತ್ತೆಯ ದನಿ ಕೇಳುತ್ತಿತ್ತು.

"ನಮ್ಮ ಸೊಸೆ ಪುಸ್ತಕ ಬರ್ತಿದೆ. ಯಾರದೋ ಕಥೆಗೆ ಚಿತ್ರ ಅಲ್ಲ, ಪೂರ್ತಿ ಅವಳದ್ದೇ. ಮಧ್ಯಾಹ್ನ ಕೂತ್ರೆ ಕೈ ನಿಲ್ಲಿಸಲ್ಲ. ಇರಿ, ತೋರಿಸ್ತೀನಿ."

ಡ್ರಾಯರ್ ಎಳೆದ ಸದ್ದು. ಮೈಯೆಲ್ಲ ಸೋಪಿನ ಮಗುವನ್ನು ಬಿಟ್ಟು ಓಡುವ ಹಾಗೂ ಇರಲಿಲ್ಲ.

ಕಾಗದಗಳನ್ನು ಮಗುಚುವ ಸದ್ದು. ಆಮೇಲೆ ಟೀಚರಮ್ಮನ ದನಿ. "ಇದು ಮಗು ಗೀಚಿದ್ದಿರ್ಬೇಕು ಅಲ್ವಾ?"

"ಮಗು ಇನ್ನೂ ಕೂರೋದೇ ಕಲ್ತಿಲ್ಲ," ಎಂದರು ಅತ್ತೆ.

ಟೀಚರಮ್ಮ ಪರದೆಯ ಅಳತೆ ಕೊಟ್ಟು ಹೋದರು. ಸೊಸೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದಾಗ, ಅತ್ತೆ ಕಾಗದದ ರಾಶಿಯನ್ನು ಮೇಜಿನ ಮೇಲೆ ಹರವಿಕೊಂಡು ನಿಂತಿದ್ದರು.

"ಏನಿದು?"

"ಅತ್ತೆ..."

"ಇಷ್ಟು ದಿನ ಇದನ್ನಾ ಮಾಡ್ತಿದ್ದಿದ್ದು ನೀನು? ಸುರುಳಿ ಸುತ್ತುತ್ತಿದ್ಯಾ? ನಾನು ಸೊಂಟ ಬಿದ್ದುಹೋದ್ರೂ ಮಗು ಕೆಳಗಿಳಿಸದೆ, ಕೆಮ್ಮು ಬಂದ್ರೂ ಬಾಯಿ ಮುಚ್ಕೊಂಡು ಓಡಾಡಿದ್ದೀನಿ. ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲ."

"ನಾನು ಸುಮ್ನೆ ಕೂತ್ರೆ ನೀವು ಮಗು ತಂದ್ಕೊಡ್ತೀರಿ ಅತ್ತೆ. ಕೈ ಆಡ್ತಾ ಇದ್ರೆ ಕೊಡಲ್ಲ. ಅದಕ್ಕೇ..."

"ಅದಕ್ಕೇ ಸುಳ್ಳು ಕೆಲ್ಸ ಮಾಡಿದ್ಯಾ?"

"ಕೊನೇ ಚಿತ್ರ ಏನು ಅಂತ ಹೊಳೀಬೇಕು. ಹೊಳಿಯೋಕೆ ನೋಡ್ತಾ ಕೂರ್ಬೇಕು. ಅದೂ ಕೆಲ್ಸಾನೇ ಅತ್ತೆ."

"ನೋಡ್ತಾ ಕೂರೋದು ಕೆಲ್ಸ," ಎಂದು ಅತ್ತೆ ಗೋಡೆಗೆ ಹೇಳಿದರು.

ಮುಂದಿನ ಕೋಣೆಯಲ್ಲಿ ಮಿಷನ್ ನಿಂತಿತು. ಮಾವ ಬಾಗಿಲಿಗೆ ಬಂದರು, ಕೊರಳಲ್ಲಿ ಅಳತೆಯ ಟೇಪು. "ನಾನು ಕತ್ರಿ ಹಿಡ್ಕೊಂಡು ಬಟ್ಟೆ ಮುಂದೆ ನಿಂತಿರ್ತೀನಲ್ಲ, ಕತ್ತರಿಸೋ ಮುಂಚೆ? ಅದಕ್ಕೇನಂತೀಯ?"

"ಅದು ಬೇರೆ. ನೀವು ಬಟ್ಟೆ ನೋಡ್ತೀರಿ."

"ಅವಳು ಕಾಗದ ನೋಡ್ತಾಳೆ. ನಾನು ನಿಂತಾಗ ನೀನು ಈ ಕೋಣೆಗೆ ಯಾರನ್ನೂ ಬಿಡ್ತಿರ್ಲಿಲ್ಲ. ಮಗ ಚಿಕ್ಕವನಿದ್ದಾಗ ಅತ್ರೆ ಹಿತ್ತಲಿಗೆ ಎತ್ಕೊಂಡು ಓಡ್ತಿದ್ದೆ."

ಅತ್ತೆ ಅವರ ಮುಖ ನೋಡಿದರು. ಸೊಸೆಯ ಮುಖ ನೋಡಿದರು. ದನಿ ಏರಿಸಲಿಲ್ಲ. "ಹೌದು. ನಿಮಗೂ ನೋಡೋ ಕೆಲ್ಸ, ಇವಳಿಗೂ ನೋಡೋ ಕೆಲ್ಸ. ಈ ಮನೇಲಿ ಮಾಡೋ ಕೆಲ್ಸ ಇರೋದು ನನಗೊಬ್ಬಳಿಗೇ. ನಾನು ಯಾವತ್ತು ಏನು ನೋಡ್ತಾ ಕೂತಿದ್ದೀನಿ?"

ಟವೆಲಿನೊಳಗೆ ಉಂಡೆ ಸೀನಿತು. ಅತ್ತೆ ಮಗುವನ್ನು ಇಸಿದುಕೊಂಡು, ತಲೆ ಒರೆಸಿ, ಅಂಗಿ ತೊಡಿಸಿ ವಾಪಸ್ ಕೊಟ್ಟು ಅಡುಗೆಮನೆಗೆ ಹೋದರು. ಸಿಟ್ಟಿನಲ್ಲೂ ಅವರ ಕೈ ತನ್ನ ಕೆಲಸ ಮರೆಯಲಿಲ್ಲ.

ಎರಡು ದಿನ ಮನೆ ಬಿಗಿದುಕೊಂಡಿತ್ತು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮೊಟ್ಟೆಯೂ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಮಧ್ಯಾಹ್ನ ಅತ್ತೆ ಬಂದು ಕೈ ಚಾಚಿ, "ಮಗು ಕೊಡು," ಎಂದಷ್ಟೇ ಹೇಳಿ ಎತ್ತಿಕೊಂಡು ಹೋಗುತ್ತಿದ್ದರು. ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು, ಅಮ್ಮನ ಮುಂದೆ ಹೆಂಡತಿಯ ಪರವಾಗಿ, ಹೆಂಡತಿಯ ಮುಂದೆ ಅಮ್ಮನ ಪರವಾಗಿ ಮಾತಾಡಿ ಇಬ್ಬರಿಂದಲೂ ಬೈಸಿಕೊಂಡ.

ಮೂರನೆಯ ಮಧ್ಯಾಹ್ನ ಸೊಸೆ ಪ್ರಕಾಶನದ ಅಕ್ಕನಿಗೆ ಫೋನು ಮಾಡಿದಳು. ಅತ್ತೆಯ ಮಾತು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

"ನನ್ನ ಕೈಲಿ ಆಗಲ್ಲ ಅಕ್ಕ. ಆ ಜಾಗಕ್ಕೆ ಬೇರೆ ಪುಸ್ತಕ ಹಾಕಿ."

ಆ ಕಡೆ ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. "ಫೋನಿನಲ್ಲಿ ಏನೋ ಸದ್ದು ಕಣಮ್ಮ, ನೀನು ಹೇಳಿದ್ದು ಕೇಳಿಸ್ಲಿಲ್ಲ. ಶುಕ್ರವಾರ ಮತ್ತೆ ಮಾಡು, ಆಗ ಕೇಳಿಸ್ಕೋತೀನಿ," ಎಂದು ಇಟ್ಟುಬಿಟ್ಟರು.

ಅವರಿಗೆ ಕೇಳಿಸದಿದ್ದರೂ ಅಡುಗೆಮನೆಗೆ ಕೇಳಿಸಿತ್ತು. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತರು.

"ಬೇಡ ಅಂದ್ಯಾ?"

"ಹ್ಞೂ ಅತ್ತೆ."

"ಯಾರನ್ನ ಕೇಳಿ?"

ಸೊಸೆ ಫೋನನ್ನು ಮೇಜಿನ ಮೇಲಿಟ್ಟಳು.

"ನಾನು ಬೈದಿದ್ದು ಕೆಲ್ಸ ಮಾಡ್ತಿಲ್ಲ ಅಂತ. ಬಿಟ್ಬಿಡು ಅಂದ್ನಾ? ಟೀಚರಮ್ಮನಿಗೆ ಬೇರೆ ಹೇಳ್ಬಿಟ್ಟಿದ್ದೀನಿ, ಪುಸ್ತಕ ಬರುತ್ತೆ ಅಂತ. ನಾಳೆ ಯಾವ ಮುಖ ಹೊತ್ಕೊಂಡು ಪರದೆ ಕೊಡ್ಲಿ ಅವರಿಗೆ?" ಎಂದು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಸರಿ, ಹೇಳು. ಎಷ್ಟು ಹೊತ್ತು ನೋಡ್ಬೇಕು?"

"ಗೊತ್ತಿಲ್ಲ ಅತ್ತೆ."

"ಒಂದು ದಿನ? ಎರಡು ದಿನ?"

"ನಿಜವಾಗ್ಲೂ ಗೊತ್ತಿಲ್ಲ."

"ಒಳ್ಳೇ ಕೆಲ್ಸ ಹಿಡಿದ್ಯಮ್ಮ ನೀನು." ಅತ್ತೆ ಒಂದು ನಿಟ್ಟುಸಿರು ಬಿಟ್ಟರು. "ಆಯ್ತು. ನೋಡು. ಆದ್ರೆ ಸರಿಯಾಗಿ ನೋಡು, ಅರ್ಧಂಬರ್ಧ ಬೇಡ. ಗೀಚಿದ್ದು ಕಂಡ್ರೆ ಪೆನ್ಸಿಲ್ ಒಲೆಗೆ ಹಾಕ್ತೀನಿ."

ಸೊಸೆಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅತ್ತೆ ಮಧ್ಯದ ಕೋಣೆಯ ಬಾಗಿಲು ಅರ್ಧ ಎಳೆದು, ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಟಾಣಿ.

ಕಾವಲೆಂದರೆ ಅದು ಕಾವಲು. ಮಾವ ದಾರ ಕೇಳಲು ಬಂದರು.

"ಶ್. ನೋಡ್ತಿದ್ದಾಳೆ."

ಗಂಡ ಪಾಳಿ ಮುಗಿಸಿ ಬಂದ. "ಏನ್ ನೋಡ್ತಿದ್ದಾಳೆ?"

"ನಂಗೇನ್ ಗೊತ್ತು? ನೋಡ್ತಿದ್ದಾಳೆ, ಅಷ್ಟೆ. ಬೂಟು ಅಲ್ಲೇ ಬಿಡು, ಟಪಟಪ ಅನ್ನಿಸ್ಬೇಡ."

ಅತ್ತೆಯ ಪಿಸುಮಾತು ಮಿಷನ್ನಿನ ಸದ್ದನ್ನೂ ಮೀರಿಸುವಂಥದ್ದು. ಒಳಗೆ ಕೂತವಳಿಗೆ ಪ್ರತಿ ಶಬ್ದವೂ ಕೇಳುತ್ತಿತ್ತು. ಆದರೂ ಎಷ್ಟೋ ದಿನಗಳ ಮೇಲೆ ಅವಳ ಬೆನ್ನು ಕುರ್ಚಿಗೆ ಒರಗಿತ್ತು. ಹೆಜ್ಜೆಗೆ ಕಿವಿಗೊಡುವ ಅಗತ್ಯ ಇರಲಿಲ್ಲ. ಇಂಥವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು.

ಹಾಗಂತ ಚಿತ್ರ ಬರಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಅತ್ತೆ ಒಮ್ಮೆಯೂ ಮುಗೀತಾ ಎಂದು ಕೇಳಲಿಲ್ಲ. ಕೇಳದೆ ಇರಲು ಅವರು ಪಡುತ್ತಿದ್ದ ಕಷ್ಟ ಮುಖದಲ್ಲೇ ಕಾಣುತ್ತಿತ್ತು. ಬಾಗಿಲ ಸಂದಿಯಿಂದ ಇಣುಕುವುದು, ಖಾಲಿ ಕಾಗದ ನೋಡುವುದು, ತುಟಿ ಕಚ್ಚಿಕೊಂಡು ಹಿಂದೆ ಸರಿಯುವುದು.

ಶುಕ್ರವಾರ ಸೊಸೆ ಮುಗಿದ ಚಿತ್ರಗಳನ್ನೆಲ್ಲ ತೆಗೆದು ಮೊದಲಿಂದ ಕೊನೆವರೆಗೆ ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಅಷ್ಟರಲ್ಲಿ ಅತ್ತೆ ನಿದ್ದೆ ಹೋಗಿದ್ದ ಮಗುವನ್ನು ತೊಟ್ಟಿಲಿಗೆ ಹಾಕಲು ಒಳಗೆ ಬಂದರು. ತೊಟ್ಟಿಲಿಗೆ ಹೋಗುವ ದಾರಿಯಲ್ಲೆಲ್ಲ ಚಿತ್ರಗಳೇ. ದಾಟುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಎರಡೂ ಕೈಯಲ್ಲಿ ಮಗು. ಬೇರೇನೂ ಮಾಡಲು ಇಲ್ಲದೆ ಅತ್ತೆ ಕೆಳಗೆ ನೋಡಿದರು. ಮೊದಲ ಚಿತ್ರ ನೋಡಿದರು, ಎರಡನೆಯದಕ್ಕೆ ಒಂದು ಹೆಜ್ಜೆ ಸರಿದರು.

"ಇವನು ಕೇಳ್ದೇನೇ ಎತ್ಕೊಂಡು ಹೋದ್ನಾ?" ಎಂದರು ಮೆಲ್ಲಗೆ. "ಒಂದ್ಸಲ ತಲೆ ಎತ್ತಿ ನೋಡ್ಬಾರ್ದಾ ಪುಣ್ಯಾತ್ಮ."

ಹಣ್ಣು ಕೀಳುವವಳನ್ನು ನೋಡಿದರು. ಬಣ್ಣದವನು ಏಣಿಯ ಮೆಟ್ಟಿಲಿಗೆಲ್ಲ ನೀಲಿ ಮೆತ್ತಿದ್ದು ಕಂಡು ನಕ್ಕರು, ಮಗು ಏಳದ ಹಾಗೆ ಹೊಟ್ಟೆಯೊಳಗೇ. ಪ್ರತಿ ಚಿತ್ರದ ಮೂಲೆಯಲ್ಲೂ ಚಿಕ್ಕದಾಗಿ ಹೆಂಚಿನ ಮೇಲೆ ಕೂತ ಅಜ್ಜಿ ಇದ್ದಳು. ಅತ್ತೆ ಹುಡುಕಿ ಹುಡುಕಿ ಅವಳನ್ನು ನೋಡಿದರು. ಸೊಸೆ ಅವರನ್ನೇ ನೋಡುತ್ತಿದ್ದಳು. ಅವಳ ಪುಸ್ತಕದ ಮೊದಲ ಓದುಗರು ಅತ್ತೆಯೇ.

"ಆಮೇಲೆ ಏಣಿ ವಾಪಸ್ ತರ್ತಾರಾ?"

"ತರ್ತಾರೆ. ಎಲ್ಲರಿಗೂ ಗೊತ್ತಾಗುತ್ತೆ, ಓಡ್ಬಂದು ಏಣಿ ಹಾಕ್ತಾರೆ."

"ಅವಳು ಇಳೀತಾಳಾ?"

"ಇಳೀಬೇಕಲ್ವಾ ಅತ್ತೆ."

"ಯಾಕೆ ಇಳೀಬೇಕು?"

ಅತ್ತೆ ಇನ್ನೂ ಅಜ್ಜಿಯನ್ನೇ ನೋಡುತ್ತಿದ್ದರು. "ಮೇಲೆ ಗಾಳಿ ಇದೆ. ರಸ್ತೆ ಪೂರ್ತಿ ಕಾಣುತ್ತೆ. ದಾರ ಎಲ್ಲಿ, ಟೀ ಎಲ್ಲಿ, ಟವೆಲ್ ಎಲ್ಲಿ ಅಂತ ಕೇಳೋರಿಲ್ಲ. ಮೊದ್ಲು ಸ್ವಲ್ಪ ಹೆದರಿರ್ತಾಳೆ, ನಿಜ. ಆಮೇಲೆ ಅಭ್ಯಾಸ ಆಗಿರುತ್ತೆ. ನಾನಾಗಿದ್ರೆ ಇಳೀತಾನೇ ಇರ್ಲಿಲ್ಲ ಕಣೆ. ಏಣಿ ಅಲ್ಲೇ ಇಟ್ಟು ಹೋಗಿ, ಬೇಕಾದಾಗ ಬರ್ತೀನಿ ಅಂತಿದ್ದೆ."

ಬಟಾಣಿಯ ಬೆಲೆ ಹೇಳಿದಷ್ಟೇ ಸಾದಾ ಆಗಿ ಹೇಳಿದರು. ಚಿತ್ರ ಪೂರ್ತಿಯಾಗಿ ಸೊಸೆಯ ಕಣ್ಣ ಮುಂದಿತ್ತು.

"ಅತ್ತೆ, ಅಲ್ಲೇ ನಿಂತಿರಿ," ಎಂದು ಮೇಜಿಗೆ ಓಡಿದಳು.

"ನಿಂತೇ ಇದ್ದೀನಲ್ಲ, ಕಾಲಿಡೋಕೆ ಜಾಗ ಎಲ್ಲಿಟ್ಟಿದ್ದೀಯ?"

ಪೆನ್ಸಿಲು ತಾನಾಗಿ ಓಡಿತು, ಈ ಸಲ ಯಾರ ಹೆಜ್ಜೆಗೂ ಹೆದರಿ ಅಲ್ಲ. ಅರ್ಧದಲ್ಲಿ ಉಂಡೆ ಎದ್ದು ಹಸಿವಿಗೆ ರಾಗ ತೆಗೆಯಿತು. ಸೊಸೆ ಎಡತೋಳಿನಲ್ಲಿ ಮಗುವನ್ನಿಟ್ಟುಕೊಂಡು ಹಾಲೂಡಿಸುತ್ತಾ ಬಲಗೈಯಲ್ಲಿ ಬರೆದಳು. ಕಾಗದ ಜಾರದ ಹಾಗೆ ಅತ್ತೆ ಎರಡೂ ಅಂಗೈ ಊರಿ ಹಿಡಿದುಕೊಂಡು ನಿಂತರು. ಮುಂದಿನ ಕೋಣೆಯಿಂದ ಮಾವ ಕರೆದರು, ಅತ್ತೆ ಓಗೊಡಲಿಲ್ಲ.

ಚಿತ್ರದಲ್ಲಿ ರಸ್ತೆಯ ಜನವೆಲ್ಲ ಕೆಳಗೆ ನೆರೆದಿದ್ದರು. ನೀಲಿ ಮೆತ್ತಿದ ಏಣಿ ಗೋಡೆಗೆ ಒರಗಿತ್ತು. ಎಲ್ಲರ ಮುಖವೂ ಮೇಲಕ್ಕೆ, ಎಲ್ಲರ ಕೈಯೂ ಮೇಲಕ್ಕೆ. ಅಜ್ಜಿ ಮಾತ್ರ ಕಾಲು ಇಳಿಬಿಟ್ಟು, ಗಲ್ಲಕ್ಕೆ ಕೈಕೊಟ್ಟು ದೂರ ನೋಡುತ್ತಿದ್ದಳು. ಮುಖದಲ್ಲಿ ಯಾವ ಅವಸರವೂ ಇರಲಿಲ್ಲ.

ಬಣ್ಣ ತುಂಬಿ ಮುಗಿಸಿ, ತಿಂಗಳು ಕಳೆಯುವ ಮೊದಲೇ ಗಂಡನ ಕೈಯಲ್ಲಿ ಪ್ರಕಾಶನಕ್ಕೆ ಕಳಿಸಿದ್ದಾಯಿತು. ಅಂದೇ ಅಕ್ಕ ಫೋನು ಮಾಡಿ, "ಇಂಥ ಅಜ್ಜಿ ಎಲ್ಲಿ ಸಿಕ್ಕಿದ್ಲು ನಿಂಗೆ?" ಎಂದು ಕೇಳಿದರು. "ನಮ್ಮ ಮನೇಲೇ ಅಕ್ಕ," ಎಂದಳು ಸೊಸೆ. ಅಡುಗೆಮನೆಗೆ ಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ನೀವಿಲ್ಲದಿದ್ರೆ ಈ ಪುಸ್ತಕ ಇರ್ತಿರ್ಲಿಲ್ಲ ಅತ್ತೆ," ಎಂದಳು.

"ಬಿಡೇ, ಕೈಯೆಲ್ಲ ಹಿಟ್ಟು. ನಾನೇನ್ ಮಾಡ್ದೆ? ಬಾಯಿಗೆ ಬಂದಿದ್ದು ಅಂದೆ." ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ಮುದುಕಿಗೆ ನನ್ನ ಮೂಗು ಬರೆದಿಲ್ಲ ತಾನೆ?" ಎಂದು ಕೇಳಿದರು.

ಮುಂದಿನ ರಜೆಯ ದಿನ ಅತ್ತೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರು. ಹೋದವರು ಬರಲಿಲ್ಲ. ಕೆಳಗೆ ಮಾವ ಬಿಳಿ ದಾರಕ್ಕಾಗಿ ಡಬ್ಬಿಗಳನ್ನೆಲ್ಲ ಬೋರಲು ಹಾಕಿದ್ದರು. ಗಂಡ ತಟ್ಟೆ ಇಟ್ಟುಕೊಂಡು ಅಮ್ಮ ಎಲ್ಲಿ ಎಂದು ಕೇಳುತ್ತಿದ್ದ.

"ನೋಡ್ಕೊಂಡು ಬರ್ತೀನಿ," ಎಂದು ಸೊಸೆ ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತಿದಳು.

ಹಗ್ಗಗಳು ಖಾಲಿಯಾಗಿದ್ದವು. ಬಟ್ಟೆಗಳೆಲ್ಲ ಮಡಿಸಿ ಬುಟ್ಟಿಗೆ ಸೇರಿದ್ದವು. ಬುಟ್ಟಿಯ ಪಕ್ಕ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅತ್ತೆ ಕೂತಿದ್ದರು. ಕೈಗಳೆರಡೂ ಮಡಿಲಲ್ಲಿ ಖಾಲಿ ಬಿದ್ದಿದ್ದವು. ಕೆಳಗಿನ ರಸ್ತೆಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು, ಬಸ್ಸೊಂದು ತಿರುವಿನಲ್ಲಿ ನಿಂತಿತ್ತು, ಅತ್ತೆ ಅದನ್ನೆಲ್ಲ ನೋಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತ ಸೊಸೆ ಅವರಿಗೆ ಕಾಣಲಿಲ್ಲ. ಮಗುವಿನ ಬಾಯಿಗೆ ಬೆರಳು ಕೊಟ್ಟು ಸದ್ದಾಗದ ಹಾಗೆ ಕೆಳಗಿಳಿದಳು.

"ಎಲ್ಲಿ ಅವಳು?" ಎಂದರು ಮಾವ.

"ಬಟ್ಟೆ ಇನ್ನೂ ಒಣಗಿಲ್ಲವಂತೆ ಮಾವ."

ಗಂಡ ಕಿಟಕಿಯಾಚೆ ಉರಿಯುತ್ತಿದ್ದ ಬಿಸಿಲನ್ನು ನೋಡಿದ. "ಈ ಬಿಸಿಲಲ್ಲಾ?"

"ದಪ್ಪ ಬಟ್ಟೆ ರೀ. ಹೊತ್ತಾಗುತ್ತೆ," ಎಂದು ಸೊಸೆ ಮಗುವನ್ನು ಅವನ ಕೈಗೆ ಕೊಟ್ಟು, ಬಿಳಿ ದಾರ ಹುಡುಕಲು ಕೂತಳು.